ಗೋಣಿ ದಾರದ ಬಾಗಿಲು

ನನ್ನ ಹೆಂಡತಿಯ ಅಣ್ಣನನ್ನು ನಮ್ಮೂರಿನವರು ಈಗಲೂ ‘ಕಡಲಿನ ಮರ್ಯಾದೆ ಗೊತ್ತಿದ್ದ ಮನುಷ್ಯ’ ಎಂದು ಹೊಗಳುತ್ತಾರೆ. ಮದುವೆಯ ಊಟವಿರಲಿ, ತಿಥಿಯ ಊಟವಿರಲಿ, ಪಂಕ್ತಿಯಲ್ಲಿ ಯಾರಾದರೊಬ್ಬರು ಆ ಮಾತು ತೆಗೆದೇ ತೆಗೆಯುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಹತ್ತಿರದಲ್ಲೇ ಹೆಂಡತಿ ಇರುತ್ತಾಳೆ, ಆದ್ದರಿಂದ ಬಾಯಿ ಮುಚ್ಚಿಕೊಂಡು ಇರುತ್ತೇನೆ. ಬರೆಯುವಾಗ ಬಾಯಿ ಮುಚ್ಚಿಕೊಳ್ಳಬೇಕಾಗಿಲ್ಲ. ಇಲ್ಲಿ ನಾನು ಅವರನ್ನು ‘ಭಾವ’, ‘ಅವರು’ ಎಂದೇ ಬರೆಯುತ್ತೇನೆ. ಬಾಯಿಗೆ ರೂಢಿಯಾದದ್ದು ಕೈಗೂ ಬಂದಿದೆ, ಅಷ್ಟೇ. ಮರ್ಯಾದೆ ಕೊಟ್ಟೆ ಎಂದು ಯಾರೂ ತಿಳಿಯಬೇಡಿ.

ನಾವು ಮೊಗವೀರರು, ಉಡುಪಿ ಕಡೆಯ ಕಡಲ ದಡದವರು. ಭಾವ ನನಗಿಂತ ಸಾಕಷ್ಟು ದೊಡ್ಡವರು. ಕುವೈತಿಗೆ ಮೊದಲು ಹೋದವರು, ನನ್ನ ಮದುವೆಯಾದ ಮೇಲೆ ವೀಸಾ ಮಾಡಿಸಿ ನನ್ನನ್ನೂ ಕರೆಸಿಕೊಂಡವರು. ನಮ್ಮ ಕಡೆಯವರು ಅಲ್ಲಿ ಹೋಟೆಲು, ಆಫೀಸು, ಅಂಗಡಿ ಎಂದು ಸೇರಿಕೊಂಡರೆ ನಾವಿಬ್ಬರು ಊರಿನ ಕಸುಬನ್ನೇ ಮಾಡುತ್ತಿದ್ದೆವು. “ವಿಮಾನ ಹತ್ತಿ ಹೋಗಿ ಅಲ್ಲಿಯೂ ಮೀನೇ ಹಿಡಿಯುದಾ?” ಎಂದು ನನ್ನ ಅತ್ತೆ ನಗಾಡಿದ್ದರು. ಹೌದು, ಮೀನೇ. ನನಗೆ ಬೇರೆ ಏನೂ ಬರುತ್ತಿರಲಿಲ್ಲ, ಬರಬೇಕೆಂಬ ಆಸೆಯೂ ಇರಲಿಲ್ಲ.

ನಮ್ಮ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಒಬ್ಬ ಮುದುಕ. ದೋಣಿಯ ಯಜಮಾನನೂ ಅವನೇ, ಅಲ್ಲಿ ಉಳಿಯಲು ಬೇಕಾದ ನಮ್ಮ ಇಕಾಮಾ ಪರವಾನಗಿ ಇದ್ದದ್ದೂ ಅವನ ಕೈಯಲ್ಲೇ. ನಾವು ‘ಬಾಬಾ’ ಎನ್ನುತ್ತಿದ್ದೆವು. ಅವನ ಅಪ್ಪ ಹಾಯಿ ಹಡಗಿನಲ್ಲಿ ಖರ್ಜೂರ ಹೇರಿಕೊಂಡು ಮಂಗಳೂರಿಗೆ ಬಂದು, ಹೆಂಚು, ಮರ, ಹಗ್ಗ ತುಂಬಿಕೊಂಡು ಹೋಗುತ್ತಿದ್ದನಂತೆ. ಬಾಬಾನಿಗೂ ಮುಂಬಯಿಯ ಹಿಂದಿ ಚೆನ್ನಾಗಿ ಬರುತ್ತಿತ್ತು, ನಡುನಡುವೆ ಅರಬಿ. ಮಕ್ಕಳೆಲ್ಲ ದೊಡ್ಡ ನೌಕರಿಯವರು, ಮೀನೆಂದರೆ ಮೂಗು ಮುಚ್ಚುವವರು. ಮುದುಕ ಮಾತ್ರ ದಿನಾ ಪಿಕಪ್ ಓಡಿಸಿಕೊಂಡು ದಡಕ್ಕೆ ಬಂದು, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ನಮ್ಮ ದೋಣಿ ಬರುವ ತನಕ ಕೂತಿರುತ್ತಿದ್ದ.

ನಮ್ಮದು ಇಬ್ಬರು ಸಾಕಾಗುವ ಫೈಬರ್ ದೋಣಿ. ಅದನ್ನು ಕಟ್ಟಿಹಾಕುತ್ತಿದ್ದದ್ದು ಮೀನಾ ಅಬ್ದುಲ್ಲಾದಲ್ಲಿ, ರಿಫೈನರಿಯ ಚಿಮಣಿಗಳಿಂದ ಸ್ವಲ್ಪ ದಕ್ಷಿಣಕ್ಕೆ. ದಡದಿಂದ ಸಾಕಷ್ಟು ದೂರದಲ್ಲಿ ನೀರಿನಡಿ ಒಂದು ಪಾದೆ, ಅಂದರೆ ಬಂಡೆ. ನಾಲ್ಕೈದು ಮನೆಗಳ ಅಂಗಳ ಸೇರಿಸಿದಷ್ಟು ಅಗಲ. ಅಲ್ಲಿ ಹಮೂರ್ ಇರುತ್ತಿತ್ತು, ನಮ್ಮೂರಿನ ಮುರು ಮೀನಿನ ಜಾತಿ. ಕುವೈತಿಯವರಿಗೆ ಅದೆಂದರೆ ಪ್ರಾಣ. ನಿಧಾನಕ್ಕೆ ಬೆಳೆಯುವ ಮೀನು ಅದು, ಒಂದು ಸಲ ಬಾಚಿಬಿಟ್ಟರೆ ಮತ್ತೆ ತುಂಬಲು ವರ್ಷಗಳೇ ಬೇಕು. ಆ ಪಾದೆ ಬಾಬಾನ ದೋಣಿಯದ್ದು ಎಂದು ಸುತ್ತಮುತ್ತಲಿನ ದೋಣಿಯವರೆಲ್ಲ ಒಪ್ಪಿದ್ದರು, ಬೇರೆ ಯಾರೂ ಅಲ್ಲಿಗೆ ಬರುತ್ತಿರಲಿಲ್ಲ. ನಮ್ಮಿಬ್ಬರ ಹೊಟ್ಟೆ, ಊರಿನಲ್ಲಿದ್ದವರ ಹೊಟ್ಟೆ ಎಲ್ಲವೂ ಆ ಒಂದು ಪಾದೆಯ ಮೇಲೆ ನಡೆಯುತ್ತಿತ್ತು. ಅದು ಬರಿದಾದರೆ ನಮಗೆ ಹೋಗಲು ಇನ್ನೊಂದು ಜಾಗ ಇರಲಿಲ್ಲ.

ಅಲ್ಲಿ ಮೀನು ಹಿಡಿಯುವುದು ಬಲೆಯಿಂದಲ್ಲ, ಗರ್ಗೂರಿನಿಂದ. ಗರ್ಗೂರ್ ಎಂದರೆ ಕೋಳಿ ಮುಚ್ಚುವ ಬುಟ್ಟಿಯ ಆಕಾರದ ದೊಡ್ಡ ತಂತಿಯ ಗೂಡು. ಒಂದು ಕಡೆ ಒಳಕ್ಕೆ ಹೋಗುತ್ತ ಕಿರಿದಾಗುವ ಬಾಯಿ. ಒಳಗೆ ಹೋದ ಮೀನಿಗೆ ಹೊರಗೆ ಬರುವ ದಾರಿ ಗೊತ್ತಾಗುವುದಿಲ್ಲ. ಇನ್ನೊಂದು ಕಡೆ ಸಣ್ಣ ಬಾಗಿಲು. ಗೂಡನ್ನು ದೋಣಿಗೆ ಎಳೆದ ಮೇಲೆ ನಾವು ಮೀನು ತೆಗೆಯುವುದು ಅದರಿಂದ. ಬಾಬಾನ ಅಪ್ಪನ ಕಾಲದಲ್ಲಿ ಗರ್ಗೂರನ್ನು ಖರ್ಜೂರದ ಗರಿಯಿಂದ ಹೆಣೆಯುತ್ತಿದ್ದರಂತೆ.

“ಆ ಗರ್ಗೂರ್ ಕಳೆದುಹೋದರೆ ತಾನೇ ಕೊಳೆತು ಸಾಯುತ್ತಿತ್ತು,” ಎನ್ನುತ್ತಿದ್ದ ಬಾಬಾ. “ಈ ಕಬ್ಬಿಣದ್ದು ಸಾಯುವುದಿಲ್ಲ. ನಾವು ಮರೆತರೂ ಅದು ಹಿಡಿಯುತ್ತಲೇ ಇರುತ್ತದೆ. ಒಳಗಿನ ಮೀನು ಹಸಿದು ಸಾಯುತ್ತದೆ, ಅದನ್ನು ತಿನ್ನಲು ಇನ್ನೊಂದು ಬರುತ್ತದೆ, ಅದೂ ಸಾಯುತ್ತದೆ. ಯಾರಿಗೂ ಲಾಭ ಇಲ್ಲ.”

ಅದಕ್ಕೆ ಮದ್ದು ಹೇಳಿದವರು ಭಾವ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಆ ಉಪಾಯ ಅವರದ್ದೇ. ಬಾಗಿಲನ್ನು ತಂತಿಯಿಂದ ಕಟ್ಟುವುದೇ ಬೇಡ, ದಾರದಿಂದ ಕಟ್ಟುವ ಎಂದರು. ಬಾಬಾ ತನ್ನ ಅಪ್ಪನ ನೆನಪಿಗೆ ತೆಂಗಿನ ನಾರಿನ ಕತ್ತದ ಹುರಿಯಾಗಬಹುದಾ ಎಂದು ಕೇಳಿದ. ಭಾವ ಬೇಡವೆಂದು ತಲೆಯಾಡಿಸಿದರು. ಕತ್ತ ಉಪ್ಪುನೀರಿನಲ್ಲಿ ಗಟ್ಟಿ, ಅದು ಬೇಗ ಹೋಗುವುದಿಲ್ಲ, ಅಕ್ಕಿ ಚೀಲದ ಗೋಣಿ ದಾರವೇ ಸರಿ, ಹಗ್ಗ ತುಂಡಾಗಿ ಗೂಡು ಕಳೆದುಹೋದರೂ ತಿಂಗಳೊಪ್ಪತ್ತಿನಲ್ಲಿ ದಾರ ಕೊಳೆತು ಬಾಗಿಲು ಬಿಚ್ಚಿಕೊಳ್ಳುತ್ತದೆ, ಮೀನು ಹೊರಗೆ ಹೋಗುತ್ತದೆ ಎಂದರು. ಬಾಬಾ ಕುರ್ಚಿಯಿಂದ ಎದ್ದು ಬಂದು ಭಾವನ ಹಣೆಗೆ ಮುತ್ತಿಟ್ಟ. ಅಂದಿನಿಂದ ಆ ದಡದಲ್ಲಿ ಭಾವನ ತೂಕವೇ ಬೇರೆಯಾಯಿತು. ಬೇರೆ ದೋಣಿಯವರು ಮೊದಲು ನಕ್ಕರು, ಆಮೇಲೆ ಒಬ್ಬಿಬ್ಬರು ತಾವೂ ಗೋಣಿ ಹುಡುಕತೊಡಗಿದರು.

ಮೊಣಕೈಯಷ್ಟು ಉದ್ದ ಇಲ್ಲದ ಹಮೂರನ್ನು ಭಾವ ಮತ್ತೆ ನೀರಿಗೆ ಬಿಡುತ್ತಿದ್ದರು. ಮೊಟ್ಟೆ ಇಡುವ ತಿಂಗಳುಗಳಲ್ಲಿ ಗೂಡುಗಳನ್ನೆಲ್ಲ ಎತ್ತಿ ದಡದಲ್ಲಿ ಒಣಗಿಸಿ, ನಾವು ಬೇರೆಯವರ ದೋಣಿಯಲ್ಲಿ ಕೂಲಿಗೆ ಹೋಗುತ್ತಿದ್ದೆವು. ಮೊದಮೊದಲು ನನಗೆ ಇದೆಲ್ಲ ತಲೆನೋವು ಅನ್ನಿಸಿತ್ತು. ಕೈಗೆ ಬಂದದ್ದನ್ನು ಯಾಕೆ ಬಿಡುವುದು ಎಂದು ಜಗಳವನ್ನೂ ಮಾಡಿದ್ದೆ. “ನಾಳೆ ಎಂತ ತಿಂತಿ, ಕಲ್ಲಾ?” ಎಂದು ಗದರಿಸಿದ್ದರು. ಆಮೇಲೆ ಆಮೇಲೆ ನನಗೂ ಅದರ ಹುಚ್ಚು ಹಿಡಿಯಿತು. ಊರಿನಲ್ಲಿ ನಮ್ಮ ಹಿರಿಯರು ಮಳೆಗಾಲದಲ್ಲಿ ದೋಣಿ ಇಳಿಸುತ್ತಿರಲಿಲ್ಲ. ನೂಲ ಹುಣ್ಣಿಮೆಗೆ ಕಡಲಿಗೆ ಹಾಲೆರೆದು ತೆಂಗಿನಕಾಯಿ ಬಿಟ್ಟ ಮೇಲೆಯೇ ಕಸುಬು ಶುರು. ಅದೇ ಕ್ರಮವನ್ನು ಪರದೇಶದಲ್ಲಿ ನಾವಿಬ್ಬರು ನಡೆಸುತ್ತಿದ್ದೇವೆ ಎಂದು ನನಗೆ ಒಳಗೊಳಗೇ ಹೆಮ್ಮೆ. ನನ್ನ ಅಪ್ಪನಿಗಿಂತ ಹೆಚ್ಚಾಗಿ ನಾನು ಭಾವನನ್ನು ನಂಬಿದ್ದೆ.

ಕೆಲಸ ಹಂಚಿಕೊಂಡಿದ್ದೆವು, ದಡದಲ್ಲಿ ಕೂತಿರುವ ಬಾಬಾನಿಗೆ ಅದರ ವಿವರ ಗೊತ್ತಿರಲಿಲ್ಲ. ಇಂಜಿನ್, ಚುಕ್ಕಾಣಿ, ಹಗ್ಗ ಎಳೆಯುವುದು ನನ್ನದು. ಬಾಗಿಲು ಭಾವನದು. ಗೂಡು ದೋಣಿಯ ಅಂಚಿಗೆ ಬಂದ ಕೂಡಲೇ ನಾನು ಹಿಂದೆ ಹೋಗಿ ಚುಕ್ಕಾಣಿ ಹಿಡಿಯಬೇಕು, ಇಲ್ಲವಾದರೆ ಸೆಳೆತಕ್ಕೆ ದೋಣಿ ಹಗ್ಗದ ಮೇಲೆಯೇ ಹೋಗುತ್ತದೆ. ಭಾವ ಮುಂದೆ ನನಗೆ ಬೆನ್ನು ಹಾಕಿ, ಗೂಡಿಗೆ ಮೊಣಕಾಲು ಕೊಟ್ಟು ಕೂತು, ಬಾಗಿಲು ಬಿಚ್ಚಿ, ಮೀನು ತೆಗೆದು, ಮತ್ತೆ ಕಟ್ಟಿ ನೀರಿಗೆ ದೂಡುತ್ತಿದ್ದರು. “ನೀನು ಬಾಗಿಲಿಗೆ ಕೈ ಹಾಕ್ಬೇಡ ಮಾರಾಯ, ನಿನ್ನ ಗಂಟು ಕಡಲಲ್ಲಿ ನಿಲ್ಲುದಿಲ್ಲ,” ಎಂದು ತಮಾಷೆ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ. ರೂಮಿನಲ್ಲಿ ಅಕ್ಕಿ ಚೀಲ ಖಾಲಿಯಾದರೆ ಅದರ ದಾರ ಬಿಚ್ಚಿ ಉಂಡೆ ಸುತ್ತಿ ಇಡುವುದು ನನ್ನ ಕೆಲಸವಾಗಿತ್ತು. ಅದನ್ನೂ ಪೂಜೆಗೆ ಹೂ ಕಟ್ಟುವವನ ಹಾಗೆ ಶ್ರದ್ಧೆಯಿಂದ ಮಾಡುತ್ತಿದ್ದೆ.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಆ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಕುವೈತ್ ಪಟ್ಟಣದಲ್ಲಿ ಗುಂಡು ಹಾರುತ್ತಿದೆ ಎಂದು ರೇಡಿಯೋದಲ್ಲಿ ಕೇಳುವಾಗಲೂ ನಮ್ಮ ದಡ ಎಂದಿನ ಹಾಗೆಯೇ ಇತ್ತು. ನಾವು ಏನು ಮಾಡುವುದೆಂದು ತಿಳಿಯದೆ ದೋಣಿಯ ಹತ್ತಿರ ನಿಂತಿದ್ದಾಗ ಬಾಬಾನ ಪಿಕಪ್ ಬಂತು. ಹಿಂದೆ ಹಾಸಿಗೆ, ಸೂಟ್‌ಕೇಸು, ಮೊಮ್ಮಕ್ಕಳು. ಸೌದಿಯ ಗಡಿಗೆ ಹೊರಟಿದ್ದ. ಇಳಿದು ನಮ್ಮ ಹತ್ತಿರ ಬಂದು ಹಿಂದಿಯಲ್ಲಿ ಹೇಳಿದ:

“ಮನೆ ಹೋದರೆ ಹೋಗಲಿ, ದೋಣಿ ಹೋದರೆ ಹೋಗಲಿ. ಪಾದೆಯ ಮೇಲೆ ಗರ್ಗೂರುಗಳಿವೆಯಲ್ಲ, ಅದೇ ಚಿಂತೆ. ಯಾವಾಗ ಬರುತ್ತೇವೋ, ಬರುತ್ತೇವೋ ಇಲ್ಲವೋ. ಧೈರ್ಯ ಇದ್ದರೆ ಈಗಲೇ ಹೋಗಿ ಬಾಗಿಲು ತೆರೆದು ಬನ್ನಿ. ಇಲ್ಲವೆಂದರೆ ಬೇಡ, ಖಲಾಸ್. ನಾನು ಬೈಯುವುದಿಲ್ಲ.”

ನಾನು ಪೆಟ್ರೋಲ್ ಕ್ಯಾನ್ ಎತ್ತಿ ದೋಣಿಯೊಳಗೆ ಇಟ್ಟೆ. ಕಡಲು ಶಾಂತವಾಗಿತ್ತು. ಕಣ್ಣು ಹಾಯುವಷ್ಟು ದೂರಕ್ಕೆ ಒಂದು ಹಡಗೂ ಇರಲಿಲ್ಲ. ಬಿಸಿಲೇರುವುದರೊಳಗೆ ಹೋಗಿ ಬರಬಹುದಾದ ಕೆಲಸ. ನಾನು ಹಗ್ಗ ಬಿಚ್ಚಲು ಬಗ್ಗಿದೆ. ಭಾವ ಬಂದು ನನ್ನ ಕೈ ಹಿಡಿದುಕೊಂಡರು. ಹಿಡಿದುಕೊಂಡೇ ಬಾಬಾನಿಗೆ ಹೇಳಿದರು, “ಯಾಕೆ ಬಾಬಾ? ಬಾಗಿಲಿಗೆ ಗೋಣಿ ದಾರ ಇದೆಯಲ್ಲ. ಒಂದು ತಿಂಗಳು, ಅಷ್ಟೇ. ಕಡಲೇ ಬಿಚ್ಚುತ್ತದೆ. ಎಲ್ಲ ಮೀನೂ ಹೊರಗೆ ಹೋಗುತ್ತದೆ. ನೀವು ನಿಶ್ಚಿಂತೆಯಿಂದ ಹೋಗಿ.”

ಮುದುಕನ ಮುಖ ಅರಳಿತು. ಮರೆತೇ ಹೋಗಿತ್ತು ಎಂದು ಹಣೆಗೆ ಹೊಡೆದುಕೊಂಡ. ಅಲ್ಲಿಯ ತನಕ ತಡೆದುಕೊಂಡಿದ್ದ ಅಳು ಆಗ ಬಂತು ಅವನಿಗೆ. ಭಾವನನ್ನು ತಬ್ಬಿಕೊಂಡು ಅತ್ತು, ನಮ್ಮಿಬ್ಬರ ಮನೆಗೂ ಒಳ್ಳೆಯದಾಗಲಿ ಎಂದು ಅರಬಿಯಲ್ಲಿ ಹರಸಿ, ಗಾಡಿ ಹತ್ತಿದ. ನಾನು ಪೆಟ್ರೋಲ್ ಕ್ಯಾನನ್ನು ದೋಣಿಯಿಂದ ಕೆಳಗಿಳಿಸಿದೆ. ಊರು ಬಿಟ್ಟು ಓಡುವಾಗಲೂ ಮೀನಿನ ಚಿಂತೆ ಮಾಡುವ ಮುದುಕ ಒಬ್ಬ, ಆ ಚಿಂತೆಗೆ ಮೊದಲೇ ಉತ್ತರ ಕಟ್ಟಿಟ್ಟ ಭಾವ ಒಬ್ಬರು. ಇಂಥವರ ಜೊತೆ ಇದ್ದೇನಲ್ಲ ಎಂದು ನನಗೆ ಎದೆ ತುಂಬಿ ಬಂದಿತ್ತು. ಥೂ!

ಆಮೇಲಿನದ್ದು ಎಲ್ಲರಿಗೂ ಆದದ್ದೇ. ರಿಫೈನರಿಯ ಕಾಂಟ್ರಾಕ್ಟ್ ಕೆಲಸಗಾರರ ಕ್ಯಾಂಪಿನಲ್ಲಿ ಕೆಲವು ವಾರ ತಲೆಮರೆಸಿಕೊಂಡಿದ್ದೆವು. ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್, ಆಮೇಲೆ ಜೋರ್ಡಾನ್ ಗಡಿಯ ಮರಳಿನಲ್ಲಿ ಟೆಂಟು. ನೀರಿಗೆ ಕ್ಯೂ, ರೊಟ್ಟಿಗೆ ಕ್ಯೂ, ಕಕ್ಕಸಿಗೆ ಕ್ಯೂ. ಎಲ್ಲರೂ ತಾವು ಬಿಟ್ಟು ಬಂದದ್ದನ್ನು ಹೇಳಿಕೊಳ್ಳುತ್ತಿದ್ದರು. ಒಬ್ಬ ಟಿವಿ ಬಿಟ್ಟು ಬಂದಿದ್ದ, ಇನ್ನೊಬ್ಬ ಅಂಗಡಿಯನ್ನೇ. ಭಾವ ಗರ್ಗೂರಿನ ಕಥೆ ಹೇಳುತ್ತಿದ್ದರು. ಮಲಯಾಳಿಗಳು, ಗೋವಾದವರು, ಬೆಂಗಳೂರಿನ ಇಂಜಿನಿಯರುಗಳು ಎಲ್ಲರೂ ಸುತ್ತ ಕೂತು ಕೇಳುತ್ತಿದ್ದರು. “ನಾವು ಇಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ, ನಮ್ಮ ಮೀನು ಇಷ್ಟರಲ್ಲಿ ಬಿಡುಗಡೆಯಾಗಿರ್ಬಹುದು,” ಎಂದು ಕೊನೆಗೆ ಹೇಳುವರು. ಎಲ್ಲರೂ ನಗುವರು. ನಾನು ಅದನ್ನು ಪ್ರತಿ ಸಲವೂ ಹೊಸದಾಗಿ ಕೇಳುವವನ ಹಾಗೆ ಕೇಳುತ್ತಿದ್ದೆ. ಬಿಸಿಲಿನಲ್ಲಿ ಕ್ಯೂ ನಿಂತು ತಲೆ ತಿರುಗುವಾಗ ಮನಸ್ಸಿನಲ್ಲೇ ಪಾದೆಯ ಮೇಲೆ ಹೋಗುತ್ತಿದ್ದೆ: ಈಗ ದಾರ ಮೆತ್ತಗಾಗಿರಬೇಕು, ಈಗ ಒಂದೆಳೆ ಹೋಗಿರಬೇಕು, ಈಗ ದೊಡ್ಡದೊಂದು ಹಮೂರ್ ಮೂಗಿನಿಂದ ದೂಡಿರಬೇಕು. ಆ ಟೆಂಟಿನ ದಿನಗಳಲ್ಲಿ ನನಗಿದ್ದ ಸಮಾಧಾನ ಅದೊಂದೇ.

ಯುದ್ಧ ಮುಗಿದು ಎಷ್ಟೋ ತಿಂಗಳ ಮೇಲೆ ಬಾಬಾ ಹೊಸ ವೀಸಾ ಕಳಿಸಿದ. ನನಗೆ ಹಿಗ್ಗೋ ಹಿಗ್ಗು. ಭಾವನಿಗೆ ಮಾತ್ರ ಮನಸ್ಸಿರಲಿಲ್ಲ. ಅಲ್ಲಿ ಎಣ್ಣೆ ಹೊತ್ತಿ ಉರಿದು ಕಡಲೇ ಹಾಳಾಗಿದೆಯಂತೆ, ಊರಿನಲ್ಲೇ ಏನಾದರೂ ನೋಡುವ ಎಂದರು. ನಾನು ಒಬ್ಬನೇ ಹೋಗುತ್ತೇನೆ ಎಂದಾಗ ಎರಡು ದಿನ ಸುಮ್ಮನಿದ್ದು, ತಾವೂ ಬರುವುದಾಗಿ ಹೇಳಿದರು. “ನೋಡಿ, ನಿಮ್ಮನ್ನು ಒಬ್ಬರೇ ಬಿಡ್ಲಿಕ್ಕೆ ಅಣ್ಣನಿಗೆ ಮನಸ್ಸಿಲ್ಲ,” ಎಂದು ನನ್ನ ಹೆಂಡತಿ ಕಣ್ಣು ಒರೆಸಿಕೊಂಡಳು. ನನಗೂ ಹಾಗೇ ಅನ್ನಿಸಿತ್ತು.

ನಾವು ಹೋದಾಗ ತೊಂಬತ್ತೊಂದರ ಚಳಿ ಶುರುವಾಗಿತ್ತು. ಮೀನಾ ಅಬ್ದುಲ್ಲಾದ ದಡದ ಮರಳಿನಲ್ಲಿ ಡಾಂಬರಿನ ಉಂಡೆಗಳು ಕಾಲಿಗೆ ಅಂಟುತ್ತಿದ್ದವು. ಬಟ್ಟೆ ಒಗೆದು ಹಾಕಿದರೆ ಕಪ್ಪು ಮಸಿ. ನಮ್ಮ ದೋಣಿ ಇಂಜಿನ್ ಇಲ್ಲದೆ, ಪಕ್ಕ ಒಡೆದು ಮರಳಿನಲ್ಲಿ ಹೂತಿತ್ತು. ಅದನ್ನು ರಿಪೇರಿ ಮಾಡಿದೆವು. ಕಡಲಿನಲ್ಲಿ ಬಾಂಬು ತೆಗೆಯುವ ಕೆಲಸ ನಡೆದಿತ್ತು, ಆದ್ದರಿಂದ ಪರವಾನಗಿಗೆ ಕಾಯಬೇಕಾಯಿತು. ಬಾಬಾ ಬಹಳ ಇಳಿದುಹೋಗಿದ್ದ. ಆದರೂ ದಿನಾ ಬಂದು ಕೂರುತ್ತಿದ್ದ. “ಹದಿನೈದು ತಿಂಗಳು ಯಾರೂ ಮುಟ್ಟಿಲ್ಲ,” ಎಂದು ಕೈ ಉಜ್ಜಿಕೊಳ್ಳುತ್ತಿದ್ದ. “ಈಗ ಪಾದೆ ಹೇಗೆ ತುಂಬಿರಬೇಕು! ನನ್ನ ಅಪ್ಪನ ಕಾಲದ ಹಾಗೆ.” ಆಸ್ತಿ, ಮನೆ ಎಲ್ಲ ಲೂಟಿಯಾದ ಮುದುಕನಿಗೆ ಉಳಿದದ್ದು ಅದೊಂದೇ ಎನ್ನುವ ಹಾಗೆ ಮಾತಾಡುತ್ತಿದ್ದ.

ಕೊನೆಗೂ ಹೋಗಲು ಬಿಟ್ಟರು. ಪಾದೆ ಹುಡುಕುವುದು ದಡದ ಗುರುತು ನೋಡಿ: ಒಂದು ಚಿಮಣಿಯ ಎಡ ಅಂಚಿಗೆ ಮಸೀದಿಯ ಗೋಪುರ ಬರಬೇಕು, ಇನ್ನೊಂದು ಕಡೆ ನೀರಿನ ಟ್ಯಾಂಕು ಒಂದು ಮನೆಯ ನೇರಕ್ಕೆ ಬರಬೇಕು. ಟ್ಯಾಂಕು ಈಗ ಇರಲಿಲ್ಲ. “ಗುರುತೇ ಇಲ್ಲದ ಮೇಲೆ ಎಲ್ಲಿ ಅಂತ ಹುಡುಕುದು? ಬಿಡು, ಹೊಸ ಜಾಗ ನೋಡುವ,” ಎಂದರು ಭಾವ. ನಾನು ಕೇಳಲಿಲ್ಲ. ಅವರು ಇನ್ನೂ ಪೂರ್ವಕ್ಕೆ, ಇನ್ನೂ ಪೂರ್ವಕ್ಕೆ ಎನ್ನುತ್ತಿದ್ದರು. ಆದರೆ ಚುಕ್ಕಾಣಿ ಹಿಡಿದವನು ನಾನು, ಆ ದಾರಿ ನನ್ನ ಕೈಗೆ ಗೊತ್ತಿತ್ತು. ಸೀಸದ ಗುಂಡಿನ ತಳಕ್ಕೆ ಸಾಬೂನು ಮೆತ್ತಿ ನೀರಿಗೆ ಬಿಟ್ಟೆ. ಒಂದು ಸಲ ಮರಳು ಅಂಟಿ ಬಂತು, ಇನ್ನೊಂದು ಸಲ ಕೆಸರು. ಅಲ್ಲಿಂದ ಸ್ವಲ್ಪ ಸರಿದು ಬಿಟ್ಟಾಗ ಏನೂ ಅಂಟಲಿಲ್ಲ, ಸಾಬೂನಿನ ಮೇಲೆ ಗೀರು ಮಾತ್ರ ಇತ್ತು. ಕೆಳಗೆ ಕಲ್ಲು! “ಸಿಕ್ಕಿತು ಭಾವ!” ಎಂದು ಕೂಗಿದೆ.

ಮುಳ್ಳಿನ ಸಣ್ಣ ಲಂಗರನ್ನು ಇಳಿಸಿ ನಿಧಾನಕ್ಕೆ ಎಳೆದುಕೊಂಡು ಹೋದೆ. ಹಳೆಯ ಗೂಡುಗಳನ್ನು ಎತ್ತಿ, ಸರಿಮಾಡಿ, ಹೊಸ ದಾರ ಕಟ್ಟಿ ಇಳಿಸುವುದು ನನ್ನ ಲೆಕ್ಕಾಚಾರ. ಲಂಗರು ಏನನ್ನೋ ಕಚ್ಚಿತು. “ಕಲ್ಲಿಗೆ ಸಿಕ್ಕಿದ್ದು. ಹಗ್ಗ ಕಡಿ,” ಎಂದು ಭಾವ ಚೂರಿ ತೆಗೆದರು. “ಕಲ್ಲು ಹೀಗೆ ಅಲ್ಲಾಡ್ತದಾ? ಕೈ ತೆಗೀರಿ ಅತ್ಲಾಗೆ!” ಎಂದೆ. ಅವರೊಂದಿಗೆ ಅಷ್ಟು ದೊಡ್ಡ ಸ್ವರದಲ್ಲಿ ನಾನು ಮಾತಾಡಿದ್ದು ಅದೇ ಮೊದಲು.

ಗೂಡು ಮೇಲೆ ಬಂತು. ಮೈತುಂಬ ಚಿಪ್ಪು ಬೆಳೆದಿತ್ತು. ಒಳಗೆ ಅರ್ಧದ ತನಕ ಮೂಳೆ. ಮೀನಿನ ತಲೆಗಳು, ಮುಳ್ಳುಗಳು, ಏಡಿಯ ಓಡುಗಳು, ಕೆಳಗಿನವು ಕರಗಿ ಕೆಸರಾಗಿದ್ದವು. ಅದರ ನಡುವೆ ಒಂದು ಹಮೂರ್ ಜೀವಂತ ಇತ್ತು. ತಲೆ ಇಷ್ಟು ದೊಡ್ಡದು, ಮೈ ಒಣಗಿದ ಬಟ್ಟೆಯ ಹಾಗೆ. ತಂತಿಗೆ ತಿಕ್ಕಿ ತಿಕ್ಕಿ ಅದರ ತುಟಿ ಸವೆದು ಮೂಳೆ ಕಾಣುತ್ತಿತ್ತು. ಬಾಗಿಲು ಮುಚ್ಚಿಯೇ ಇತ್ತು. ಚಿಪ್ಪು ಕೆರೆದು ನೋಡಿದೆ. ಪ್ಲಾಸ್ಟಿಕ್ ಹೊದಿಕೆಯ ಹಸಿರು ಕರೆಂಟಿನ ತಂತಿ, ಗಟ್ಟಿಯಾಗಿ ತಿರುಚಿದ್ದು.

ನನ್ನ ದಡ್ಡತನಕ್ಕೆ ಏನು ಹೇಳಲಿ? “ಯಾರೋ ಇರಾಕಿಯವರು ಎಳೆದು ನೋಡಿ, ಹೀಗೆ ಕಟ್ಟಿ ಬಿಟ್ಟಿರ್ಬೇಕು ಭಾವ,” ಎಂದೆ. ಎರಡನೆಯ ಗೂಡು ಎತ್ತಿದೆ. ಅದೇ ಹಸಿರು ತಂತಿ, ಅದೇ ಮೂಳೆ. ಮೂರನೆಯದನ್ನು ಎತ್ತುವ ಹೊತ್ತಿಗೆ ನೆನಪಾಯಿತು, ಆ ತಂತಿ ನಮ್ಮ ರೂಮಿನದ್ದೇ. ಶುಐಬಾದಲ್ಲಿ ವಯರಿಂಗ್ ಕೆಲಸ ಮಾಡುವ ನಮ್ಮೂರಿನವನೊಬ್ಬ ಒಂದು ಸುರುಳಿ ತಂದುಕೊಟ್ಟಿದ್ದ. ನಾವು ಬಟ್ಟೆ ಒಣಗಿಸಲು ಕಟ್ಟಿದ್ದೂ ಅದನ್ನೇ.

“ಯಾವಾಗಿಂದ?” ಎಂದು ಕೇಳಿದೆ.

“ಗಲಾಟೆಯ ಮೊದಲಿನ ಚಳಿಗಾಲದಿಂದ,” ಎಂದರು, ಕಡಲಿನ ಕಡೆ ನೋಡಿಕೊಂಡು. “ದಾರ ಎರಡು ಸರ್ತಿಗೊಮ್ಮೆ ಬದಲಾಯಿಸ್ಬೇಕು. ಬೆರಳಿನ ಸಂದು ಒಡೆದು ರಕ್ತ ಬರ್ತಿತ್ತು. ಒಂದು ಸರ್ತಿ ಗೂಡು ತುಂಬ ಇದ್ದ ಮೀನು ದಾರ ಕಿತ್ಕೊಂಡು ಹೋಯ್ತು. ಆಮೇಲೆ ತಂತಿ ಹಾಕಿ, ಮೇಲಿಂದ ದಾರ ಸುತ್ತಿದೆ. ಅಷ್ಟೇ.”

“ಅಷ್ಟೇಯಾ?”

“ಮತ್ತೆಂತ? ಮೀನು ಮಾರಾಯ. ಆ ಗಲಾಟೆಯಲ್ಲಿ ಮನುಷ್ಯರೇ ಎಷ್ಟು ಸತ್ರು!”

“ಅವತ್ತು ನಾನು ಪೆಟ್ರೋಲ್ ಇಟ್ಟು ಹಗ್ಗ ಬಿಚ್ತಾ ಇದ್ದೆ. ನೀವು ಕೈ ಹಿಡಿದ್ರಿ. ಆಗ ಒಂದು ಮಾತು ಹೇಳ್ಬಹುದಿತ್ತಲ್ಲ!”

“ಹೋಗಿದ್ರೆ ಸಾಯ್ತಿದ್ದಿ. ನನ್ನ ತಂಗಿಗೆ ನಾನು ಎಂತ ಹೇಳ್ತಿದ್ದೆ? ನಿನ್ನ ಜೀವ ಉಳಿಸಿದ್ದು ತಪ್ಪಾ?”

ನನ್ನ ಸಿಟ್ಟು ನೆತ್ತಿಗೇರಿದ್ದು ಆಗ. ತಮ್ಮ ಸುಳ್ಳಿಗೆ ನನ್ನ ಹೆಂಡತಿಯನ್ನು ಅಡ್ಡ ತಂದರಲ್ಲ! “ನನ್ನ ಜೀವ ಉಳಿಸಿದ್ದಲ್ಲ, ನಿಮ್ಮ ಮರ್ಯಾದೆ ಉಳಿಸ್ಕೊಂಡದ್ದು,” ಎಂದು ಕಿರುಚಿದೆ. ಬಾಯಿಗೆ ಬಂದ ಹಾಗೆ ಬೈದೆ. ಟೆಂಟಿನಲ್ಲಿ ಅಷ್ಟು ಜನರಿಗೆ ಕಥೆ ಹೇಳಿದಿರಲ್ಲ, ನಾಚಿಕೆಯಾಗಲಿಲ್ಲವಾ ಎಂದೆ. ಊರಿನ ಕಡಲಿನಲ್ಲಿ ಹೀಗೆ ಮಾಡುತ್ತಿದ್ದಿರಾ ಎಂದೆ. ಅದಕ್ಕೆ ಮಾತ್ರ ಅವರು ತಿರುಗಿ ನನ್ನ ಮುಖ ನೋಡಿದರು.

“ಊರಲ್ಲಿ ಯಾಕೆ ಮಾಡ್ಲಿ? ಅದು ನಮ್ಮ ಕಡಲು. ಇದು ಅವರದ್ದು. ನಾಳೆ ಇಕಾಮಾ ಕ್ಯಾನ್ಸಲ್ ಆದ್ರೆ ಈ ಪಾದೆ ನಿನ್ನ ಹಿಂದೆ ಬರ್ತದಾ?”

ನಾನು ಇಷ್ಟು ವರ್ಷ ಒಂದೇ ಕಡಲು ಎಂದುಕೊಂಡಿದ್ದೆ. ಅವರು ಹಣೆಗೆ ಮುತ್ತು ಪಡೆದದ್ದು, ಹೊಗಳಿಸಿಕೊಂಡದ್ದು, ನನಗೆ ಬುದ್ಧಿ ಹೇಳಿದ್ದು, ಸಣ್ಣ ಮೀನು ಬಿಟ್ಟದ್ದನ್ನು ದಡದವರಿಗೆಲ್ಲ ಹೇಳಿಕೊಂಡದ್ದು, ಎಲ್ಲವೂ ಮೇಲಿಂದ ಸುತ್ತಿದ ದಾರವೇ ಎಂದು ಆಗ ಹೊಳೆಯಿತು. ನನಗೆ ಅಳು ಬಂತು, ಮುಚ್ಚಿಡುವುದೇನು? ಗೂಡುಗಳನ್ನೆಲ್ಲ ಒಂದೊಂದಾಗಿ ಎತ್ತಿದೆ, ಅವರು ಕೈ ಹಾಕಲಿಲ್ಲ, ನಾನು ಹಾಕಲು ಬಿಡಲೂ ಇಲ್ಲ. ಜೀವವಿದ್ದ ಹಮೂರನ್ನು ನೀರಿಗೆ ಬಿಟ್ಟೆ. ಅದು ಸ್ವಲ್ಪ ಹೊತ್ತು ಮಗ್ಗುಲಾಗಿ ತೇಲಿ, ಆಮೇಲೆ ಕೆಳಗೆ ಹೋಯಿತು. ಬದುಕಿತೋ ಇಲ್ಲವೋ ಗೊತ್ತಿಲ್ಲ.

ದಡಕ್ಕೆ ಬರುವಾಗ ಬಾಬಾ ಕುರ್ಚಿಯಿಂದ ಎದ್ದು ನಿಂತಿದ್ದ. ದೋಣಿಯಲ್ಲಿ ಗೂಡುಗಳ ರಾಶಿ ನೋಡಿ ಮೊದಲು ನಕ್ಕ. ಹತ್ತಿರ ಬಂದು ಮೂಳೆ ನೋಡಿದ. ಬಾಗಿಲಿಗೆ ಬೆರಳು ತಾಗಿಸಿ ಹಸಿರು ತಂತಿಯನ್ನು ಹಿಡಿದು ನೋಡಿದ. “ಯಾರು ಕಟ್ಟಿದ್ದು?” ಎಂದು ಕೇಳಿದ.

ಕಡಲಿನಲ್ಲಿ ಅಷ್ಟು ಕಿರುಚಿದ ನಾನು ದಡದಲ್ಲಿ ಬಾಯಿ ಬಿಡಲಿಲ್ಲ. ನಾನು ಹೇಳಿದರೆ ಭಾವನ ಇಕಾಮಾ ಆ ಕ್ಷಣಕ್ಕೆ ಖಲಾಸ್. ಊರಿನಲ್ಲಿ ಅವರ ಮಕ್ಕಳಿದ್ದಾರೆ, ವಯಸ್ಸಾದ ಅತ್ತೆ ಇದ್ದಾರೆ. ನನ್ನ ಮಗುವಿನ ಸೋದರಮಾವ ಅವರು. ನಮ್ಮಲ್ಲಿ ಸೋದರಮಾವ ಇಲ್ಲದೆ ಮನೆಯಲ್ಲಿ ಒಂದು ಶುಭಕಾರ್ಯವೂ ನಡೆಯುವುದಿಲ್ಲ. ತಪ್ಪು ಮಾಡಿದವರೇ ಹೇಳಲಿ ಎಂದು ಕಾದೆ. ಹೇಳುತ್ತಾರೆ ಎಂದೇ ನಂಬಿದ್ದೆ, ದೇವರಾಣೆ. ಅಷ್ಟೆಲ್ಲ ಆದ ಮೇಲೂ ನಂಬಿದ್ದೆ.

ಭಾವ ನನ್ನ ಹೆಗಲ ಮೇಲೆ ಕೈ ಇಟ್ಟರು. ಒಂದು ನಿಟ್ಟುಸಿರು ಬಿಟ್ಟರು.

“ಮಾಫ್ ಕರೋ ಬಾಬಾ,” ಎಂದರು ಹಿಂದಿಯಲ್ಲಿ. “ಇವನಿಗೆ ಇನ್ನೂ ಬುದ್ಧಿ ಬಲಿತಿಲ್ಲ. ದಾರ ಕಟ್ಟಲು ಬೇಸರ ಮಾಡಿಕೊಂಡಿದ್ದಾನೆ. ನನಗೂ ಇವತ್ತೇ ಗೊತ್ತಾದದ್ದು. ಊರಿಗೆ ಮಾತ್ರ ಕಳಿಸಬೇಡಿ, ನನ್ನ ತಂಗಿಯ ಗಂಡ.”

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಹೆಗಲ ಮೇಲಿನ ಕೈ ನಿಧಾನಕ್ಕೆ ತಟ್ಟುತ್ತಿತ್ತು, ಸಮಾಧಾನ ಮಾಡುವ ಹಾಗೆ. ಬಾಬಾ ನನ್ನ ಕಡೆ ತಿರುಗಿ, “ನೀನಾ?” ಎಂದು ಒಂದೇ ಸಲ ಕೇಳಿದ. ನಾನು ಭಾವನ ಮುಖ ನೋಡಿದೆ. ಅವರ ಕಣ್ಣು ಬೇಡಿಕೊಳ್ಳುತ್ತಿತ್ತು. ತಲೆ ತಗ್ಗಿಸಿದೆ.

“ನಾಳೆಯಿಂದ ನನ್ನ ದೋಣಿ ಹತ್ತಬೇಡ,” ಎಂದ ಬಾಬಾ. ಆಮೇಲೆ ಭಾವನ ಕಡೆ ತಿರುಗಿ, “ನಿನ್ನ ಮುಖ ನೋಡಿ ಇವನ ವೀಸಾ ಉಳಿಸುತ್ತೇನೆ,” ಎಂದು, ಕುರ್ಚಿ ಎತ್ತಿಕೊಂಡು ಪಿಕಪ್ಪಿಗೆ ಹೋದ. ಹೋಗುವಾಗ ಕಾಲು ಎಳೆಯುತ್ತಿದ್ದ.

ನನ್ನನ್ನು ಜಹ್ರಾದಲ್ಲಿದ್ದ ಅವನ ಸಂಬಂಧಿಕರ ದಿನಸಿ ಅಂಗಡಿಗೆ ಕಳಿಸಿದರು. ಕಡಲಿನ ಕಸುಬು ಅಲ್ಲಿಗೆ ಮುಗಿಯಿತು. ಬಾಗಿಲು ತೆರೆದರೆ ಧೂಳು, ಮುಚ್ಚಿದರೆ ಸಾಬೂನು ಪುಡಿಯ ವಾಸನೆ. ಪಾದೆಯ ಸುದ್ದಿ ಆಗಾಗ ಶುಐಬಾದ ಗೆಳೆಯನಿಂದ ಬರುತ್ತಿತ್ತು. ಭಾವ ಹೊಸ ಜೊತೆಗಾರನನ್ನು ಕಟ್ಟಿಕೊಂಡು ಹೊಸ ಗೂಡು ಇಳಿಸಿದರಂತೆ, ಬರಿಗೂಡು ಎತ್ತಿದರಂತೆ, ಮತ್ತೆ ಇಳಿಸಿದರಂತೆ. ಬಾಬಾ ದಡಕ್ಕೆ ಬರುವುದನ್ನೇ ಬಿಟ್ಟನಂತೆ. ಕೊನೆಗೆ ಪಾದೆಗೆ ಯಜಮಾನರೇ ಇಲ್ಲವೆಂದು ಸಿಕ್ಕಸಿಕ್ಕವರೆಲ್ಲ ಅಲ್ಲಿ ಬಲೆ ಎಳೆದರಂತೆ.

ಮೊದಲ ರಜೆಯಲ್ಲಿ ಊರಿಗೆ ಬಂದಾಗ ಹೆಂಡತಿ ಮಾಂಜಿ ಮೀನಿನ ಸಾರು ಮಾಡಿದ್ದಳು. ಬಡಿಸುತ್ತಿದ್ದವಳು ನಡುವೆ ನಿಂತು, ಸ್ವರ ತಗ್ಗಿಸಿ ಕೇಳಿದಳು:

“ಅಣ್ಣ ಆ ಬಾಬಾನ ಕಾಲು ಹಿಡಿದ್ರಂತಲ್ಲ. ಇಲ್ಲಾಂದ್ರೆ ನಿಮ್ಮನ್ನು ಅವತ್ತೇ ವಿಮಾನ ಹತ್ತಿಸ್ತಿದ್ರಂತೆ. ಎಂತಕ್ಕೆ ಹಾಗೆ ಮಾಡಿದ್ರಿ ನೀವು? ಪಾಪದ ಮೀನುಗಳು.”

“ಆಗ ಬುದ್ಧಿ ಇರ್ಲಿಲ್ಲ,” ಎಂದೆ.

ಅವಳು ನಂಬಿದಳು.